ಕಾಕಾ, ಒಂದ ಒಂದು ಹೇಳ್ರಿ

ನಮ್ಮ ಅಣ್ಣನ ಮಗ ಪುಣೆಯಲ್ಲಿ ಕೆಲಸ ಮಾಡುತ್ತಾನೆ. ಈ ಸಲ ದೀಪಾವಳಿಗೆ ಊರಿಗೆ ಬಂದವನು ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕೂತ. ನಾನು ಹಳೇ ಆಂಪ್ಲಿಫೈಯರ್ ಒಂದನ್ನು ಬಿಚ್ಚಿಕೊಂಡು ಕೂತಿದ್ದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದ. ಆಮೇಲೆ ಆಫೀಸಿನ ಮಾತು ತೆಗೆದ. ಪುಣೆಯಲ್ಲಿ ಡಿಸೆಂಬರಿನಲ್ಲಿ ಸವಾಯಿ ಗಂಧರ್ವರ ಹೆಸರಿನ ದೊಡ್ಡ ಸಂಗೀತೋತ್ಸವ ಆಗುತ್ತದಲ್ಲ, ಅದಕ್ಕೆ ಜೊತೆಯವರೆಲ್ಲ ಟಿಕೆಟ್ ತಗೊಳ್ಳುತ್ತಾರಂತೆ. 1953ರಲ್ಲಿ ಭೀಮಸೇನ ಜೋಶಿಯವರು ತಮ್ಮ ಗುರುವಿನ ನೆನಪಿಗೆ ಶುರು ಮಾಡಿದ ಉತ್ಸವ ಅದು. "ಸವಾಯಿ ಗಂಧರ್ವರು ನಿಮ್ಮ ಹುಬ್ಬಳ್ಳಿ ಕಡೆಯವರೇ ಅಲ್ವಾ, ನಿನಗೆ ಎಲ್ಲಾ ಗೊತ್ತಿರಬೇಕು" ಅಂತ ಯಾರೋ ಕೇಳಿದರಂತೆ. ಇವನಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

"ಕಾಕಾ, ನೀವು ನಲವತ್ತು ವರ್ಷ ಗಾಯನಕ್ಕ ಮೈಕ್ ಹಚ್ಚೀರಿ. ನನಗ ಒಂದ ಒಂದು ಹೇಳ್ರಿ. ನಿಮಗ ಎಲ್ಲಾಕಿಂತ ಹೆಚ್ಚು ಸೇರೂದು. ಹತ್ತು ಹೇಳಿದ್ರ ನಾ ಒಂದೂ ಕೇಳಂಗಿಲ್ಲ."

ಅವನ ಮಾತು ಖರೆ. ಗಾಯನ ಕೇಳಲು ಹೊಸದಾಗಿ ಶುರು ಮಾಡುವವರಿಗೆ ನಾವು ಉದ್ದನೆ ಪಟ್ಟಿ ಕೊಟ್ಟುಬಿಡುತ್ತೇವೆ. ಪಟ್ಟಿ ನೋಡಿಯೇ ಅವರಿಗೆ ಸುಸ್ತಾಗುತ್ತದೆ. "ಮೂರು ವಾರ ಟೈಮ್ ಕೊಡಪಾ" ಅಂದೆ. ಅವನು ನಕ್ಕ. ಆದರೆ ನನಗೆ ಮೂರು ವಾರ ನಿಜವಾಗಿಯೂ ಬೇಕಾಯಿತು. ಉತ್ತರ ವಾಟ್ಸಾಪಿನಲ್ಲಿ ಬರೆಯುವಷ್ಟು ಚಿಕ್ಕದಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಅಂಗಡಿ ಹುಬ್ಬಳ್ಳಿಯ ದುರ್ಗದಬೈಲಿನಿಂದ ನಾಲ್ಕು ಹೆಜ್ಜೆ. 1985ರಲ್ಲಿ, ಹದಿನೇಳು ವರ್ಷದವನಿದ್ದಾಗ, ಇಲ್ಲಿ ಕೆಲಸಕ್ಕೆ ಸೇರಿದೆ. ಆಗ ಇದು ನಮ್ಮ ಸಾವಕಾರ್ರ ಅಂಗಡಿ. ಮದುವೆ, ಗಣಪತಿ, ಚುನಾವಣೆ ಭಾಷಣ, ನಾಟಕ, ಏನಿದ್ದರೂ ಮೈಕ್ ಸೆಟ್ ನಮ್ಮದು. ಹೊಟ್ಟೆ ತುಂಬಿಸಿದ್ದು ಅವೇ. ಆದರೆ ಸಾವಕಾರ್ರ ಜೀವ ಇದ್ದದ್ದು ಗಾಯನದಲ್ಲಿ. ಬರೀ ಗಾಯನ ಅಂದರೆ ನಮ್ಮ ಕಡೆ ಬೇರೇನೂ ಅಲ್ಲ, ತಂಬೂರಿ ಹಿಡಿದು ಕೂತು ಹಾಡುವ ಹಿಂದುಸ್ತಾನಿ. ಯಾರದೋ ವಾಡೆಯಲ್ಲಿ, ಮಠದಲ್ಲಿ, ಶಾಲೆಯ ಹಾಲಿನಲ್ಲಿ ಬೈಠಕ್ ಇದೆ ಅಂದರೆ ಸಾವಕಾರ್ರು ತಾವೇ ಬರುತ್ತಿದ್ದರು. ಬಾಡಿಗೆ ಅರ್ಧ. ಕೆಲವು ಸಲ ಅದೂ ಇಲ್ಲ. ಆ ದಿನ ಹಾರ್ನ್ ಸ್ಪೀಕರ್ ಮುಟ್ಟಲು ಬಿಡುತ್ತಿರಲಿಲ್ಲ. ಎರಡು ಕಾಲಂ ಸ್ಪೀಕರ್, ಒಂದು ಚಿಕ್ಕ ಆಂಪ್ಲಿಫೈಯರ್, ಮೂರು ಮೈಕ್. ಅಷ್ಟೇ.

ಮೊದಲ ವಾರ ನನ್ನ ತಲೆ ತುಂಬ ಭೀಮಸೇನ ಜೋಶಿಯವರೇ. ಗದಗ ಜಿಲ್ಲೆಯ ನೆಲದ ಹುಡುಗ. ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟವರು. ಆಗಿನ ರೆಕಾರ್ಡಿನ ಒಂದು ಬದಿ ಅಂದರೆ ಮೂರು ಚಿಲ್ಲರೆ ನಿಮಿಷ. ಅಷ್ಟು ಹೊತ್ತಿನ ಹಾಡು ಒಬ್ಬ ಹುಡುಗನನ್ನು ಮನೆಯಿಂದ ಎಬ್ಬಿಸಿ ರೈಲು ಹತ್ತಿಸಿತು. ಅವರ ಶುದ್ಧ ಕಲ್ಯಾಣ ರಾಗ ಹೇಳೋಣ ಅಂದುಕೊಂಡೆ. ಪೂರಿಯಾ ಹೇಳೋಣ ಅಂದುಕೊಂಡೆ. ಆದರೆ ಭೀಮಸೇನರನ್ನು ಯಾರೂ ತೋರಿಸಿಕೊಡಬೇಕಿಲ್ಲ. ಅವರ ದನಿ ತಾನೇ ಬಂದು ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ.

ಎರಡನೇ ವಾರ ಮಲ್ಲಿಕಾರ್ಜುನ ಮನ್ಸೂರರು. ಧಾರವಾಡದ ಪಕ್ಕದ ಮನಸೂರಿನವರು. ಯಾರೂ ಹಾಡದ ರಾಗಗಳನ್ನು ಮನೆಯ ಮಕ್ಕಳ ಹಾಗೆ ಹೆಸರು ಹಿಡಿದು ಕರೆಯುತ್ತಿದ್ದವರು. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಹೊಟ್ಟೆಯಿಂದ ಹುಟ್ಟುತ್ತದೆ, ಉಸಿರು ಎಲ್ಲಿ ತಗೊಂಡರು ಅಂತ ತಿಳಿಯುವುದಿಲ್ಲ. ಅವರ ಶಿವಮತ ಭೈರವವೇ ಸರಿ ಅಂತ ರಾತ್ರಿ ಮನೆಯವಳಿಗೆ ಹೇಳಿಯೂ ಬಿಟ್ಟೆ. ಬೆಳಿಗ್ಗೆ ಏಳುವಷ್ಟರಲ್ಲಿ ಮತ್ತೆ ಅನುಮಾನ. ಇದು ಹುಡುಗನಿಗೆ ಕಷ್ಟ ಆಗಬಹುದು, ಬಸವರಾಜ ರಾಜಗುರುಗಳದ್ದು ಏನಾದರೂ ಹೇಳಲೇ, ಅವರ ದನಿ ಸಿಹಿ, ಬೇಗ ಹಿಡಿಸುತ್ತದೆ. ಹೀಗೆ.

ಚಹಾ ಕುಡಿಯುತ್ತಾ ಕೂತಾಗ ಹೊಳೆಯಿತು. ಹುಡುಗ ಸುಲಭವಾದದ್ದು ಯಾವುದು ಅಂತ ಕೇಳಿಲ್ಲ. ದೊಡ್ಡವರು ಯಾರು ಅಂತಲೂ ಕೇಳಿಲ್ಲ. ನಿಮ್ಮದು ಯಾವುದು ಅಂತ ಕೇಳಿದ್ದಾನೆ. ನನ್ನದು ಅಂದ ಕೂಡಲೇ ಮೂರು ವಾರದ ಲೆಕ್ಕ ಎಲ್ಲಾ ಹಾಗೇ ಬಿಟ್ಟೆ. ಎದ್ದು ಹೋಗಿ ಟ್ರಂಕು ತೆಗೆದೆ. ಅದರಲ್ಲಿ ಒಂದು ಕ್ಯಾಸೆಟ್ ಇದೆ.

ಆ ಕ್ಯಾಸೆಟ್ ನನ್ನ ಕೈಗೆ ಬಂದದ್ದು ನಾನು ಮಾಡಿದ ಒಂದು ತಪ್ಪಿನಿಂದ.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಒಂದು ಬೈಠಕ್. ಸಾವಕಾರ್ರಿಗೆ ಜ್ವರ. "ನೀನ ಹೋಗು, ಏನ ಆಗಂಗಿಲ್ಲ" ಅಂದರು. ಹೋದೆ. ಹಾಡುವವರಿಗೆ ಒಂದು ಮೈಕ್, ತಬಲಾಕ್ಕೆ ಒಂದು, ತಂಬೂರಿಗೆ ಒಂದು. ಸಾವಕಾರ್ರು ಹೀಗೆ ಇಡುವುದನ್ನು ನೋಡಿದ್ದೆ. ಯಾಕೆ ಅಂತ ಕೇಳಿರಲಿಲ್ಲ. ತಂಬೂರಿ ಶುರುವಾದ ಕೂಡಲೇ ಸ್ಪೀಕರಿನಿಂದ ಗುಂಯ್ ಅಂತ ಸದ್ದು. ನನಗೆ ಗೊತ್ತಿದ್ದ ಗುಂಯ್ ಒಂದೇ. ಅರ್ಥಿಂಗ್ ಸರಿಯಿಲ್ಲದಾಗ ಬರುವುದು. ವೈರ್ ಎಳೆದು ನೋಡಿದೆ. ಪಿನ್ ಅಲ್ಲಾಡಿಸಿದೆ. ಹೋಗಲಿಲ್ಲ. ಕೊನೆಗೆ ಮೂರನೇ ಮೈಕಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ಸದ್ದು ನಿಂತಿತು. ಕೆಲಸ ಬಂತು ಅಂತ ಖುಷಿಯಾಯಿತು.

ಹಾಡುವವರು ಎರಡು ಸಲ ಸ್ವರ ಹಚ್ಚಿದರು. ನಿಲ್ಲಿಸಿದರು. ಹಿಂದೆ ತಿರುಗಿ ತಂಬೂರಿಯವನನ್ನು ನೋಡಿದರು. ಅವನು ಮೀಟುತ್ತಲೇ ಇದ್ದ. ಆಮೇಲೆ ನನ್ನ ಕಡೆ ನೋಡಿದರು. "ತಮ್ಮಾ, ತಂಬೂರಿ ಎಲ್ಲಿ ಹೋತು?" ಅಂದರು. ಬೈಯಲಿಲ್ಲ. ದನಿ ಏರಿಸಲೂ ಇಲ್ಲ. ಕೂತವರೆಲ್ಲ ನನ್ನನ್ನು ನೋಡಿದರು. ಕೈ ನಡುಗುತ್ತಿತ್ತು. ಗುಂಡಿ ತಿರುಗಿಸಿದೆ. ಮತ್ತೆ ಗುಂಯ್ ಬಂತು. ಅವರು ಕಣ್ಣು ಮುಚ್ಚಿ, ಅದು ಹಾಲ್ ತುಂಬುವವರೆಗೆ ಕಾದು, ಆಮೇಲೆ ಹಾಡಲು ಶುರು ಮಾಡಿದರು. ಆ ರಾತ್ರಿ ನಾನು ಏನೂ ಕೇಳಿಸಿಕೊಳ್ಳಲಿಲ್ಲ. ಊಟಕ್ಕೆ ಕರೆದರೂ ಹೋಗಲಿಲ್ಲ.

ಮರುದಿನ ಸಾವಕಾರ್ರಿಗೆ ಎಲ್ಲಾ ಹೇಳಿದೆ. ಕೆಲಸ ಹೋಯಿತು ಅಂತಲೇ ಹೋಗಿದ್ದೆ. ಅವರು ಹೊದ್ದುಕೊಂಡು ಕೂತಿದ್ದರು. "ಗುಂಯ್ ಅನ್ನೂದು ಕರೆಂಟಲ್ಲೋ ತಮ್ಮಾ, ಅದ ಹಾಡಿನ ನೆಲಾ. ನೆಲಾನ ತಗದಿ, ಅವರು ಎಲ್ಲಿ ನಿಂದ್ರಬೇಕು?" ಅಂದರು. ಎದ್ದು ಕಪಾಟಿನಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟರು. "ಎಂಟು ದಿನಾ ಇದನ್ನ ಕೇಳು. ಹಾಡು ಕೇಳಬ್ಯಾಡ. ತಂಬೂರಿ ಕೇಳು."

ಕ್ಯಾಸೆಟ್ಟಿನ ಮೇಲೆ ನೀಲಿ ಶಾಯಿಯಲ್ಲಿ ಮೂರೇ ಮಾತು: ಗಂಗಕ್ಕ. ಮಾರವಾ. ಸಂಜಿ.

ಮಾರವಾ ಅಂದರೆ ಸಂಜೆ ಹೊತ್ತಿನ ರಾಗ. ಗಂಗಕ್ಕ ಅಂದರೆ ಗಂಗೂಬಾಯಿ ಹಾನಗಲ್. ನಮ್ಮ ಸಾವಕಾರ್ರು ಅವರನ್ನು ಹಾಗೆಯೇ ಕರೆಯುತ್ತಿದ್ದರು. ಧಾರವಾಡ ಆಕಾಶವಾಣಿಯಲ್ಲಿ ಸಂಜೆ ಬಂದದ್ದನ್ನು ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಮಾಳಿಗೆ ಮೇಲೆ, ಹೊತ್ತು ಮುಳುಗುವಾಗ, ಮೊದಲ ಸಲ ಹಚ್ಚಿದೆ. ಹಾಡುತ್ತಿರುವುದು ಗಂಡಸು ಅಂದುಕೊಂಡೆ. ನನ್ನ ಹಾಗೆ ಎಷ್ಟೋ ಜನ ಅಂದುಕೊಂಡಿದ್ದಾರೆ. ಎಳೆ ವಯಸ್ಸಿನಲ್ಲಿ ಅವರ ದನಿ ತೆಳು. 1932ರಲ್ಲಿ ಗಾಂಧಾರಿ ಹುಬ್ಬಳ್ಳಿ ಅನ್ನುವ ಹೆಸರಿನಲ್ಲಿ ಬಂದ ರೆಕಾರ್ಡುಗಳಲ್ಲಿ ಅದು ಕೇಳುತ್ತದೆ. ಮುಂದೆ ಗಂಟಲಿನ ತೊಂದರೆ, ಅದಕ್ಕೆ ಚಿಕಿತ್ಸೆ. ಅದಾದ ಮೇಲೆ ದನಿ ಭಾರವಾಗಿ ಕೆಳಗಿಳಿಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಇವರು ಆ ದನಿಯಲ್ಲೇ ಇನ್ನೂ ಎಷ್ಟೋ ದಶಕ ಹಾಡಿದರು.

ಸಾವಕಾರ್ರು ಹೇಳಿದ ಹಾಗೆ ತಂಬೂರಿ ಕೇಳಲು ಕೂತೆ. ನಾಲ್ಕು ತಂತಿ. ನಡುವಿನ ಎರಡು ಸಾ. ಕೊನೆಯ ದಪ್ಪ ತಂತಿ ಕೆಳಗಿನ ಸಾ. ಮೊದಲನೆಯದು ಸಾಮಾನ್ಯವಾಗಿ ಪಂಚಮ, ಅಂದರೆ ಪ. ಆದರೆ ಮಾರವಾದಲ್ಲಿ ಪಂಚಮವೇ ಇಲ್ಲ, ಅದಕ್ಕೆ ಆ ತಂತಿಯನ್ನು ನಿಷಾದಕ್ಕೋ (ನಿ) ಧೈವತಕ್ಕೋ (ಧ) ಶ್ರುತಿ ಮಾಡುತ್ತಾರೆ. ತಂತಿಗಳು ಹಾಯುವ ಪಟ್ಟಿಗೆ ಕುದುರೆ ಅನ್ನುತ್ತಾರೆ. ಅದರ ಮೇಲೆ, ತಂತಿಯ ಕೆಳಗೆ, ಒಂದು ಸಣ್ಣ ದಾರ ಇರುತ್ತದೆ. ಕೂದಲೆಳೆಯಷ್ಟು ಸರಿಸಿದರೆ ಸಾಕು, ಸತ್ತಂತಿದ್ದ ತಂತಿ ಜೇನುಹುಳದ ಹಾಗೆ ಗುಂಯ್ಗುಡಲು ಶುರು ಮಾಡುತ್ತದೆ. ಆ ಗುಣಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಮ್ಮ ನೆಲದ್ದು, ಜವಾರಿ ಸೌತೆಕಾಯಿ, ಜವಾರಿ ಆಕಳು. ಆ ಮಾತು ಬೇರೆ, ಈ ಮಾತು ಬೇರೆ. ಆದರೆ ಸಾವಕಾರ್ರ ಮಾತು ಕೇಳಿದ ಮೇಲೆ ನನಗೆ ಎರಡೂ ಒಂದೇ ಅನ್ನಿಸಿಬಿಟ್ಟಿದೆ. ನಮ್ಮ ಕಡೆಗೆ ಒಳ್ಳೆ ತಂಬೂರಿ ಬರುವುದು ಮೀರಜಿನಿಂದ. ಅಲ್ಲಿಯ ಕುಂಬಳದ ಬುರುಡೆಯ ಪಕ್ಕ ಕಿವಿ ಇಟ್ಟು ಒಂದು ಸಲ ಕೇಳಬೇಕು ನೀವು. ನಾಲ್ಕು ತಂತಿಯಿಂದ ಏಳೆಂಟು ಸ್ವರ ಏಳುತ್ತವೆ.

ಮೂರನೇ ದಿನ ಇರಬೇಕು. ಒಂದು ವಿಚಿತ್ರ ಗಮನಕ್ಕೆ ಬಂತು. ತಂಬೂರಿ ಬಿಡದೆ ಸಾ, ಸಾ ಅನ್ನುತ್ತಿದೆ. ಹಾಡುವವರು ಮಾತ್ರ ಆ ಸಾ ಮೇಲೆ ನಿಲ್ಲುತ್ತಲೇ ಇಲ್ಲ!

ಮಾರವಾ ರಾಗ ಇರುವುದೇ ಹಾಗೆ. ಆಗ ನನಗೆ ಅದು ತಿಳಿದಿರಲಿಲ್ಲ. ಅದರಲ್ಲಿ ಆರೇ ಸ್ವರ. ಕೋಮಲ ರಿಷಭ, ಅಂದರೆ ಕೊಂಚ ಇಳಿಸಿದ ರಿ. ತೀವ್ರ ಮಧ್ಯಮ, ಅಂದರೆ ಕೊಂಚ ಏರಿಸಿದ ಮ. ಇವೇ ಆರು ಸ್ವರ ಪೂರಿಯಾದಲ್ಲೂ ಇವೆ, ಸೋಹನಿಯಲ್ಲೂ ಇವೆ. ಪೂರಿಯಾ ಗಾಂಧಾರ, ನಿಷಾದ ಹಿಡಿದು ಕೆಳಗೆ ತಣ್ಣಗೆ ಕೂಡುತ್ತದೆ. ಸೋಹನಿ ಮೇಲೆ ಮೇಲೆ ಹಾರುತ್ತದೆ. ಮಾರವಾ ರಿಷಭ, ಧೈವತ ಹಿಡಿದು ನಿಲ್ಲುತ್ತದೆ. ಹಾಡುವವರು ಕೆಳಗಿನ ನಿಷಾದದಿಂದ ನೇರ ರಿಷಭಕ್ಕೆ ಹೋಗುತ್ತಾರೆ, ನಡುವೆ ಇರುವ ಸಾ ಬಿಟ್ಟು. ಮುಟ್ಟುವುದೇ ಇಲ್ಲ ಅಂತಲ್ಲ. ಮುಟ್ಟುತ್ತಾರೆ, ಕೂಡುವುದಿಲ್ಲ. ಹೊತ್ತು ಮುಳುಗಿದೆ, ಮನೆಯಲ್ಲಿ ದೀಪ ಹಚ್ಚಿದ್ದಾರೆ, ಬಾಗಿಲು ತೆರೆದೇ ಇದೆ. ಬಂದವನು ಕಟ್ಟೆಯವರೆಗೆ ಬರುತ್ತಾನೆ, ಒಳಗೆ ನೋಡುತ್ತಾನೆ, ಮತ್ತೆ ಓಣಿಗೆ ಇಳಿಯುತ್ತಾನೆ. ನನಗೆ ಮಾರವಾ ಕಾಣುವುದು ಹೀಗೆ.

ಇದನ್ನು ಹಾಡಲು ತಾಳ್ಮೆ ಬೇಕು. ಆ ತಾಳ್ಮೆ ಗಂಗೂಬಾಯಿಯವರಿಗೆ ಬಂದದ್ದು ಕುಂದಗೋಳದಿಂದ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಭೀಮಸೇನ ಜೋಶಿಯವರೂ ಅದೇ ಮನೆಯಲ್ಲಿ ಕಲಿತವರು. ಜಿಪುಣ ದುಡ್ಡು ಎಣಿಸಿ ಕೊಟ್ಟ ಹಾಗೆ ಸ್ವರ ಖರ್ಚು ಮಾಡಬೇಕು ಅನ್ನುವುದು ಆ ಗುರುವಿನ ಪಾಠ. ಗಂಗೂಬಾಯಿಯವರು ಅದನ್ನು ಮುಂದೆಯೂ ನೆನೆಯುತ್ತಿದ್ದರು. ಕೈ ಬಿಚ್ಚಿ ಖರ್ಚು ಮಾಡುವ ಗಾಯನವೂ ನನಗೆ ಸೇರುತ್ತದೆ. ಆದರೆ ಮಾರವಾಕ್ಕೆ ಅದು ಹೊಂದುವುದಿಲ್ಲ. ಅವಸರ ಮಾಡಿದರೆ ಮಾರವಾ ಕೆಡುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ. ಈಗಿನ ಕೆಲವರು ಎಂಟೇ ನಿಮಿಷದಲ್ಲಿ ವೇಗದ ತಾನಕ್ಕೆ ಇಳಿದುಬಿಡುತ್ತಾರೆ. ಸಾ ಯಾಕೆ ಬೇಕಾಗಿತ್ತು ಅಂತಲೇ ಕೂತವರಿಗೆ ತಿಳಿದಿರುವುದಿಲ್ಲ.

ಕ್ಯಾಸೆಟ್ಟಿನಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಏಕತಾಳದ ವಿಲಂಬಿತ, ಅಂದರೆ ತೀರಾ ನಿಧಾನದ ಹಾಡು. ಹನ್ನೆರಡು ಮಾತ್ರೆ ಮುಗಿದು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರಲು ಮುಕ್ಕಾಲು ನಿಮಿಷ. ಮೊದಲ ಐದಾರು ನಿಮಿಷ ಅವರು ಕೆಳಗಿನ ಧೈವತ, ನಿಷಾದ, ರಿಷಭ ಈ ಮೂರನ್ನೇ ತಿರುವಿ ಹಾಕುತ್ತಾರೆ. ಪ್ರತಿ ಸಲ ರಿಷಭ ಸ್ವಲ್ಪ ಬೇರೆ ತೂಕದ್ದು. ಹಿಂದಿನಿಂದ ಮಗಳು ಕೃಷ್ಣಾ ಅವರ ದನಿ ಬರುತ್ತದೆ. ತಾಯಿ ಒಂದು ಸ್ವರ ಇಟ್ಟು ಉಸಿರು ತಗೊಂಡಾಗ ಮಗಳು ಅದನ್ನು ಬೀಳದ ಹಾಗೆ ಹಿಡಿದುಕೊಂಡಿರುತ್ತಾರೆ. ಮೈಕ್ ಕೆಲಸದವನಾಗಿ ನನಗೆ ಅವರಿಬ್ಬರ ನಡುವಿನ ಅಂತರ ಕೇಳಿಸುತ್ತದೆ, ಒಂದು ಮೊಳ. ಒಬ್ಬರು ಮೈಕಿನ ಮುಂದೆ, ಒಬ್ಬರು ಪಕ್ಕಕ್ಕೆ ಒಂದು ಮೊಳ ಹಿಂದೆ. ಎಂಟನೇ ನಿಮಿಷಕ್ಕೆ ಗಾಂಧಾರ. ಆಮೇಲೆ ತೀವ್ರ ಮಧ್ಯಮವನ್ನು ಸವರಿಕೊಂಡು ಧೈವತ. ಅಲ್ಲಿ ತುಂಬಾ ಹೊತ್ತು.

11ನೇ ನಿಮಿಷಕ್ಕೆ ಹೂವಿನವಳು ಬರುತ್ತಾಳೆ. ರೇಡಿಯೋ ಮುಂದೆ ಟೇಪ್ ಇಟ್ಟು ಹಿಡಿದದ್ದಲ್ವಾ, ಸಾವಕಾರ್ರ ಮನೆಯ ಕಿಟಕಿ ತೆರೆದಿತ್ತು. ಓಣಿಯಲ್ಲಿ ಒಬ್ಬಳು ಎಳೆದು ಕೂಗುತ್ತಾಳೆ, "ಮಲ್ಲಿಗೀ ಹೂವಾ..." ಎರಡು ಸಲ. ಎರಡನೆಯದು ದೂರ. ಯಾರೋ ಬಳೆ ಸದ್ದು ಮಾಡಿಕೊಂಡು ಬಾಗಿಲಿಗೆ ಹೋಗುತ್ತಾರೆ. ಅದು ಸಾವಕಾರ್ರ ತಾಯಿ. ಈ ಕೂಗು ಇಲ್ಲದ ಮಾರವಾ ಕೇಳಿದರೆ ನನಗೆ ಈಗಲೂ ಏನೋ ಕಳೆದ ಹಾಗೆ ಆಗುತ್ತದೆ. ಬೇರೆಯವರ ಮಾರವಾ ಕೇಳುವಾಗಲೂ 11ನೇ ನಿಮಿಷಕ್ಕೆ ಕಿವಿ ತಾನೇ ಓಣಿಯ ಕಡೆ ಹೋಗುತ್ತದೆ.

ಆಮೇಲೆ ಅವರು ಧೈವತದಿಂದ ನಿಷಾದಕ್ಕೆ ಏರುತ್ತಾರೆ. ಇಳಿಯುತ್ತಾರೆ. ಮತ್ತೆ ಏರುತ್ತಾರೆ. ಮತ್ತೆ ಇಳಿಯುತ್ತಾರೆ. ಮೇಲಿನ ರಿಷಭವನ್ನೂ ಒಮ್ಮೆ ತೋರಿಸಿ ಬರುತ್ತಾರೆ, ಸಾ ದಾಟಿಕೊಂಡು. ತಂಬೂರಿ ಮಾತ್ರ ಒಂದೇ ಸಮನೆ ಅದನ್ನೇ ಹೇಳುತ್ತಿದೆ. 14ನೇ ನಿಮಿಷಕ್ಕೆ ಮೇಲಿನ ಸಾ ಹಚ್ಚುತ್ತಾರೆ. ಹಚ್ಚಿ ನಿಲ್ಲುತ್ತಾರೆ. ಆ ಕ್ಷಣ ಅವರ ದನಿಯೂ ತಂಬೂರಿಯೂ ಒಂದರೊಳಗೊಂದು ಹೋಗಿ, ಎರಡರಲ್ಲಿ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಮಾಳಿಗೆ ಮೇಲೆ ಕೂತಿದ್ದ ಹತ್ತೊಂಬತ್ತು ವರ್ಷದ ನನಗೆ ಮೈಯೆಲ್ಲ ಮುಳ್ಳು ಎದ್ದವು. ಆಗ ತಿಳಿಯಿತು, ಹದಿನಾಲ್ಕು ನಿಮಿಷದಿಂದ ನಾನು ಆ ಸಾ ಕೇಳುತ್ತಲೇ ಇದ್ದೆ. ಅವರು ಹಾಡದೆ ಬಿಟ್ಟಾಗಲೆಲ್ಲ ಅದು ಜಾಸ್ತಿ ಕೇಳಿಸುತ್ತಿತ್ತು. ಅವತ್ತು ಬೈಠಕ್ಕಿನಲ್ಲಿ ನಾನು ಗುಂಡಿ ತಿರುಗಿಸಿ ತೆಗೆದದ್ದು ಇದನ್ನೇ ಅಂತಲೂ ತಿಳಿಯಿತು. ಟೇಪ್ ನಿಲ್ಲಿಸಿ ಕತ್ತಲಾಗುವವರೆಗೆ ಅಲ್ಲೇ ಕೂತಿದ್ದೆ.

ಅಂದಿನಿಂದ ಇಂದಿನವರೆಗೆ ಯಾವ ಬೈಠಕ್ಕಿಗೆ ಹೋದರೂ ನಾನು ಮೊದಲು ಇಡುವುದು ತಂಬೂರಿಯ ಮೈಕ್. ಈಗ ಎಲೆಕ್ಟ್ರಾನಿಕ್ ತಂಬೂರಿ ಬಂದಿದೆ, ಫೋನಿನಲ್ಲೂ ಇದೆ. ನೇರ ವೈರ್ ಸಿಕ್ಕಿಸಿದರೆ ಆಯಿತು. ಆದರೂ ನಿಜವಾದ ತಂಬೂರಿ ತಂದವರಿದ್ದರೆ ಅರ್ಧ ಗಂಟೆ ಮೊದಲೇ ಹೋಗುತ್ತೇನೆ. ಮೈಕನ್ನು ಕುದುರೆಗೆ ತೀರಾ ಹತ್ತಿರ ಇಟ್ಟರೆ ಬೆರಳಿನ ಸದ್ದು ಬರುತ್ತದೆ. ದೂರ ಇಟ್ಟರೆ ತಬಲಾ ಅದರೊಳಗೆ ನುಗ್ಗುತ್ತದೆ. ಒಂದು ಗೇಣು, ಸ್ವಲ್ಪ ಓರೆಯಾಗಿ. ಕೇಳುವವರಿಗೆ ತಂಬೂರಿ ಇದೆ ಅಂತ ಗೊತ್ತೇ ಆಗಬಾರದು. ನಿಲ್ಲಿಸಿದರೆ ಮಾತ್ರ ಗೊತ್ತಾಗಬೇಕು. ಅಷ್ಟು ದನಿ.

ಗಂಗೂಬಾಯಿಯವರನ್ನು ಎದುರಿಗೆ ಕೂತು ಕೇಳಿದ್ದೇನೆ, ಒಂದಲ್ಲ ಎರಡಲ್ಲ. ಆದರೆ ಮಾರವಾ ಸಿಗಲಿಲ್ಲ. ಅವರು ಹೋದದ್ದು 2009ರ ಜುಲೈ 21. ತೊಂಬತ್ತಾರು ವರ್ಷ. ಆ ಸಂಜೆ ಅಂಗಡಿಯ ಶಟರ್ ಅರ್ಧ ಇಳಿಸಿ ಈ ಕ್ಯಾಸೆಟ್ ಹಚ್ಚಿದೆ. ಸಾವಕಾರ್ರು ಬಂದು ಸ್ಟೂಲಿನ ಮೇಲೆ ಕೂತರು. ಇಬ್ಬರೂ ಮಾತಾಡಲಿಲ್ಲ. ಬದಿ ಮುಗಿದ ಮೇಲೆ ಅವರು ಎದ್ದು ಶಟರ್ ಕೆಳಗಿನಿಂದ ಬಾಗಿ ಹೋದರು.

ಬದಿ ಮುಗಿಯುವುದು ಅಂದರೆ ಹಾಡು ಮುಗಿಯುವುದಲ್ಲ. ಅರವತ್ತು ನಿಮಿಷದ ಕ್ಯಾಸೆಟ್, ಒಂದು ಬದಿಗೆ ಮೂವತ್ತು. ದ್ರುತ್, ಅಂದರೆ ವೇಗದ ಹಾಡು, ಶುರುವಾಗಿ ಏಳು ನಿಮಿಷಕ್ಕೆ, ಒಂದು ತಾನದ ನಡುವೆ, ಟೇಪ್ ಟಕ್ ಅಂತ ನಿಲ್ಲುತ್ತದೆ. ಅದರ ಕೊನೆ ನಾನು ಇವತ್ತಿಗೂ ಕೇಳಿಲ್ಲ. ಫೋನಿನಲ್ಲಿ ಅವರ ಪೂರ್ತಿ ಮಾರವಾ ಸಿಗುತ್ತದೆ, ಒಳ್ಳೆ ಸದ್ದಿನಲ್ಲಿ. ಕೇಳಿದ್ದೇನೆ, ಚೆನ್ನಾಗಿದೆ. ಹೊಸದಾಗಿ ಕೇಳುವವರಿಗೆ ಅದನ್ನೇ ಹೇಳುತ್ತೇನೆ. ಆದರೆ ನನ್ನದು ಯಾವುದು ಅಂದರೆ, ಈ ಅರ್ಧಕ್ಕೆ ನಿಂತದ್ದು.

ಟ್ರಂಕಿನಿಂದ ತೆಗೆದಾಗ ಕ್ಯಾಸೆಟ್ಟಿನ ಒಳಗಿನ ಸಣ್ಣ ಪ್ಯಾಡು ಉದುರಿತ್ತು. ಅದಿಲ್ಲದಿದ್ದರೆ ಟೇಪ್ ಹೆಡ್ಡಿಗೆ ಒತ್ತುವುದಿಲ್ಲ, ದನಿ ಮಂಕಾಗುತ್ತದೆ. ಐದು ಸ್ಕ್ರೂ ಬಿಚ್ಚಿ, ಇನ್ನೊಂದು ಕ್ಯಾಸೆಟ್ಟಿನ ಪ್ಯಾಡು ಕಿತ್ತು ಚಿಮಟಿಗೆಯಿಂದ ಕೂರಿಸಿದೆ. ಮೂವತ್ತು ನಿಮಿಷದ ಆ ಕಂದು ಪಟ್ಟಿಯನ್ನು ಪೆನ್ಸಿಲ್ ಹಾಕಿ ಕೈಯಿಂದಲೇ ಹಿಂದಕ್ಕೆ ಸುತ್ತಿದೆ. ಮಿಷನ್ನಿನ ಎಳೆತಕ್ಕೆ ಎಲ್ಲಿ ಹರಿಯುತ್ತದೋ ಅಂತ ಭಯ. ಆಮೇಲೆ ಡೆಕ್ಕಿಗೆ ಹಾಕಿ, ಕಂಪ್ಯೂಟರಿಗೆ ವೈರ್ ಕೊಟ್ಟು, ಪಕ್ಕದಲ್ಲಿ ಉಸಿರು ಬಿಗಿ ಹಿಡಿದು ಕೂತು ಪೂರ್ತಿ ಇಳಿಸಿಕೊಂಡೆ. ಗೊರಗೊರ ಸದ್ದನ್ನು ತೆಗೆಯಬಹುದಿತ್ತು. ತೆಗೆಯಲಿಲ್ಲ. ಅದನ್ನು ತೆಗೆಯಲು ಹೋದರೆ ತಂಬೂರಿಯೂ ಅದರ ಜೊತೆ ಹೋಗುತ್ತದೆ.

ನಿನ್ನೆ ಸಂಜೆ ಹುಡುಗನಿಗೆ ಕಳಿಸಿದೆ. ಕೆಳಗೆ ಒಂದೇ ಸಾಲು ಬರೆದೆ: ಹೊತ್ತು ಮುಳುಗುವಾಗ ಕೇಳು, ಮೊದಲು ತಂಬೂರಿ ಕೇಳು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. "ಕಾಕಾ, ನಡುವ ಯಾರೋ ಹೂವಾ ಮಾರತಾರಲ್ಲಾ, ಯಾರಾಕಿ?"

"ಈಗ ಎಷ್ಟನೇ ನಿಮಿಷದಾಗ ಇದ್ದೀ?"

"ಹನ್ನೆರಡು ಆಗೇತಿ. ನಿಲ್ಲಿಸಿ ಫೋನ್ ಮಾಡೇನಿ."

"ಆಕಿ ವಿಷಯ ನಾಳೆ ಹೇಳ್ತೀನಿ" ಅಂದೆ. "ನೀ ಮೊದಲ ಫೋನ್ ಇಡು. ಹಿಂದಕ್ಕ ಹೋಗಿ ಮೊದಲಿಂದ ಹಚ್ಚು. ನಿಲ್ಲಿಸಬ್ಯಾಡ."